ರಾತ್ರಿಯ ಕಾವಲು ಯಾರದು?

(ಆನೆಮಲೆ ತೋಟಗಳ ಕನ್ನಡ ಕುಟುಂಬಗಳ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ಮಕ್ಕಳ ಗೃಹದ ಭದ್ರತೆಗಾಗಿ ಕಾಣಿಕೆ ಎತ್ತುವ ವಿಷಯವನ್ನು ನಿಮ್ಮ ಮುಂದೆ ಇಡಬೇಕೆಂದು ಹಿರಿಯರು ನಮಗೆ ಹೇಳಿದ್ದಾರೆ. ಕಾಣಿಕೆಯ ಮಾತು ಬಂದ ಕೂಡಲೇ ಹಿಂದಿನ ಸಾಲಿನವರು ಬಾಗಿಲ ಕಡೆ ನೋಡುತ್ತಾರೆಂಬುದು ನಮಗೆ ಗೊತ್ತು. ಸ್ವಲ್ಪ ತಾಳಿರಿ. ಇಂದು ನಾವು ನಿಮ್ಮಿಂದ ಕೇಳುವುದು ದುಡ್ಡಿಗಿಂತ ಹೆಚ್ಚಾಗಿ ನಿದ್ದೆಯನ್ನು.

ನಮ್ಮ ಲೈನ್ ಮನೆಗಳ ಮಕ್ಕಳು ದೊಡ್ಡ ತರಗತಿಗೆ ಬಂದ ಮೇಲೆ ಏನಾಗುತ್ತದೆ? ಒಂದು ಟ್ರಂಕು, ಒಂದು ಚಾಪೆ ಹೊತ್ತುಕೊಂಡು ಬಸ್ಸು ಹತ್ತುತ್ತಾರೆ. ಆಳಿಯಾರಿನವರೆಗೆ 40 ತಿರುವುಗಳನ್ನು ಇಳಿದು ಪೊಳ್ಳಾಚಿಗೋ ಕೊಯಮತ್ತೂರಿಗೋ ಸೇರುತ್ತಾರೆ. ತಂದೆ ಇಲ್ಲದ ಮಕ್ಕಳು, ತಾಯಿ ತೀರಿಕೊಂಡ ಮಕ್ಕಳು, ಕುಡಿತದಿಂದ ಮುರಿದುಹೋದ ಮನೆಯ ಮಕ್ಕಳು ಗೃಹಗಳಿಗೆ ಹೋಗುತ್ತಾರೆ. ನಾವು ಇಲ್ಲಿ ಟೀ ಎಲೆ ಕೀಳುತ್ತಿರುವಾಗ, ಕತ್ತಲಾದರೆ ಅಲ್ಲಿ ಯಾರೋ ಬಾಗಿಲು ಹಾಕಿ ಚಿಲಕ ನೋಡುತ್ತಾರೆಂದು ನಂಬಿರುತ್ತೇವೆ. ಆ ಯಾರೋ ಯಾರು ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

2014ರ ಜೂನ್ ತಿಂಗಳನ್ನು ಪೊಳ್ಳಾಚಿಯವರು ಮರೆತಿಲ್ಲ. ಕ್ರೈಸ್ತ ಸಭೆಯೊಂದು ನಡೆಸುತ್ತಿದ್ದ ವಿದ್ಯಾರ್ಥಿನಿಲಯಕ್ಕೆ ರಾತ್ರಿ ಹೊತ್ತು ಹೊರಗಿನವನೊಬ್ಬನು ನುಗ್ಗಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಹೊತ್ತೊಯ್ದು ಅತ್ಯಾಚಾರ ಮಾಡಿದನು. ಪರಲೋಕದ ಮಾತಾಡುವ ನಮ್ಮವರದೇ ಆವರಣ ಅದು. ಪ್ರಾರ್ಥನೆ ಮಾಡಿ ಮಲಗಿದ ಮಕ್ಕಳು ಅವರು. ಪ್ರಾರ್ಥನೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಬೇತ್ಲೆಹೇಮಿನ ಹೊಲದಲ್ಲಿದ್ದ ಕುರುಬರೂ ದೇವರ ಮೇಲೆ ಭಾರ ಹಾಕಿ ಗೊರಕೆ ಹೊಡೆಯುತ್ತಿರಲಿಲ್ಲ. ಕುರಿಗಳ ಬಳಿ ರಾತ್ರಿ ಎಚ್ಚರವಾಗಿದ್ದರು ಎಂಬುದನ್ನು ನೆನಪಿಗೆ ತಂದುಕೊಳ್ಳಿರಿ.

ಅದೇ ವರ್ಷ ತಮಿಳುನಾಡು ಸರ್ಕಾರವು ಮಹಿಳೆಯರ ಮತ್ತು ಮಕ್ಕಳ ವಿದ್ಯಾರ್ಥಿನಿಲಯಗಳಿಗೂ ಗೃಹಗಳಿಗೂ ಒಂದು ಕಾಯ್ದೆ ತಂದಿತು. ಕಲೆಕ್ಟರರ ಪರವಾನಗಿ ಇಲ್ಲದೆ ಅಂಥದನ್ನು ನಡೆಸಕೂಡದು. ಮುಂದಿನ ವರ್ಷ ಬಂದ ಬಾಲನ್ಯಾಯ ಕಾಯ್ದೆಯ ಪ್ರಕಾರ ಆಸರೆ ಇಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಗೃಹವೂ ನೋಂದಣಿ ಮಾಡಿಸಬೇಕು. ಮಗುವನ್ನು ಬಿಡಲು ಹೋದಾಗ ನೋಂದಣಿ ಪತ್ರ ತೋರಿಸಿರಿ ಎಂದು ಕೇಳುವುದು ಅವಮರ್ಯಾದೆಯಲ್ಲ. ಅಮ್ಮನವರು ಬೇಸರ ಮಾಡಿಕೊಂಡಾರು, ಐಯನವರು ಏನೆಂದುಕೊಂಡಾರು ಎಂದು ನಾವು ಬಾಯಿ ಮುಚ್ಚಿಕೊಂಡು ಬರುತ್ತೇವೆ. ಗ್ಯಾಸ್ ಸಿಲಿಂಡರ್ ತೆಗೆದುಕೊಳ್ಳುವಾಗ ಸೀಲು ನೋಡುವುದಿಲ್ಲವೇ?

ನಾವು ಮೂವರು ಹೋದ ತಿಂಗಳು ಒಂದು ಗೃಹಕ್ಕೆ ಹೋಗಿ ಒಂದು ರಾತ್ರಿ ಇದ್ದು ಬಂದೆವು. ಹೆಸರು ಬೇಡ, ನಡೆಸುವವರು ಒಳ್ಳೆಯವರು, ಕೈಯಲ್ಲಿ ಕಾಸಿಲ್ಲ. ಮುಂದೆ ಚಂದದ ಕಮಾನು ಇದೆ, ಕೊಟ್ಟವರ ಹೆಸರು ಕೆತ್ತಿದ ಕಲ್ಲಿದೆ. ಹಿಂದೆ ಕಾಂಪೌಂಡ್ ಗೋಡೆ ಅರ್ಧಕ್ಕೇ ನಿಂತಿದೆ. ಕಕ್ಕಸು ಹೊರಗಡೆ, ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವಿಲ್ಲ. ಹುಡುಗಿಯರು ರಾತ್ರಿ ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಜೋಡಿಯಾಗಿ ಹೋಗುತ್ತಾರೆ. ಜೊತೆ ಸಿಗದವಳು ಬೆಳಗಿನವರೆಗೆ ತಡೆದುಕೊಳ್ಳುತ್ತಾಳೆ. ಹಗಲೆಲ್ಲ ಅಡಿಗೆ ಮಾಡಿದ ಆಯಾ ಒಬ್ಬರೇ ರಾತ್ರಿಯೂ ಕಾವಲು. ಅವರಿಗೆ ನಿದ್ದೆ ಬಂದರೆ ತಪ್ಪು ಅವರದೆನ್ನಲು ನಮಗೆ ಮನಸ್ಸು ಬರಲಿಲ್ಲ.

ಕ್ಯಾಮೆರಾ ಕೊಡಿಸುತ್ತೇವೆಂದು ಒಬ್ಬ ದೊಡ್ಡ ಮನುಷ್ಯರು ಮುಂದೆ ಬಂದಿದ್ದಾರಂತೆ. ಬಹಳ ಸಂತೋಷ. ಆದರೆ ಕ್ಯಾಮೆರಾ ಆದದ್ದನ್ನು ತೋರಿಸುತ್ತದೆಯೇ ಹೊರತು ಎದ್ದು ಬಂದು ಕೂಗುವುದಿಲ್ಲ. ವಾಲ್ಪಾರೈಯ ನಮಗೆ ಇದನ್ನು ಆನೆ ಕಲಿಸಿದೆ. ರೇಷನ್ ಅಂಗಡಿಯ ಗೋಡೆ, ಶಾಲೆಯ ಊಟದ ಉಗ್ರಾಣದ ಗೋಡೆ ಎಷ್ಟು ಸಾರಿ ಕೆಡವಿತು! ಜೀವ ಉಳಿಸಿದ್ದು ಗೋಡೆಯಲ್ಲ, ಸುದ್ದಿ. ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನವರು 2011ರ ಸುಮಾರಿಗೆ ಆನೆ ಇರುವ ಜಾಗವನ್ನು ಮೊಬೈಲಿಗೆ ತಿಳಿಸತೊಡಗಿದರು. ಆನೆ ಹತ್ತಿರವಿದ್ದರೆ ದಾರಿಯಲ್ಲಿ ಕೆಂಪು ದೀಪ ಉರಿಯುವ ಹಾಗೆ ಮಾಡಿದರು. ಆ ದೀಪ ಹಾಕುವವರು ನಮ್ಮಂಥವರೇ. ನೋಡಿದವನು ಹೇಳಬೇಕು, ಕೇಳಿದವನು ಎಚ್ಚರಗೊಳ್ಳಬೇಕು. ಗೃಹಕ್ಕೂ ಹಾಗೆಯೇ ಬೇಕಾದದ್ದು ಮೊದಲು ಒಂದು ದೊಡ್ಡ ಗಂಟೆ, ಅದು ಕೇಳಿಸಿದರೆ ಓಡಿ ಬರುತ್ತೇವೆಂದು ಒಪ್ಪಿದ ನಾಲ್ಕು ನೆರೆಮನೆ, ಎಚ್ಚರವಾಗಿರುವ ಇಬ್ಬರು ಹೆಂಗಸರು.

ಭದ್ರತೆ ಎಂದರೆ ಬೀಗ ಜಡಿಯುವುದೆಂದು ತಿಳಿಯಬೇಡಿರಿ. 2001ರ ಆಗಸ್ಟ್‌ನಲ್ಲಿ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಮನೋರೋಗಿಗಳಲ್ಲಿ 28 ಮಂದಿ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿದ್ದರು, ಓಡಲಾಗಲಿಲ್ಲ. 2004ರ ಜುಲೈಯಲ್ಲಿ ಕುಂಭಕೋಣದ ಶಾಲೆಯಲ್ಲಿ ಅಡಿಗೆ ಕೋಣೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಹೋದರು. ಆದ್ದರಿಂದ ಮಲಗುವ ಕೋಣೆಯ ಚಿಲಕ ಒಳಗಡೆ ಇರಲಿ, ಎರಡನೆಯ ಬಾಗಿಲಿರಲಿ, ಅದರ ಎದುರಿಗೆ ಅಕ್ಕಿ ಮೂಟೆ ಒಟ್ಟಬೇಡಿರಿ. ನಾವು ಹೋದಲ್ಲಿ ಒಟ್ಟಿದ್ದರು. ಬರುವ ಮುಂಚೆ ಸರಿಸಿ ಬಂದೆವು.

ಈಗ ಹೇಳಲು ಕಷ್ಟವಾದ ಮಾತು. ಗೋಡೆ ಹಾರಿ ಬರುವವನಿಗಿಂತ ಬಾಗಿಲಿಂದ ಬರುವವನಿಗೆ ಹೆದರಬೇಕು. ಕೇಂದ್ರ ಸರ್ಕಾರ 2007ರಲ್ಲಿ ಹೊರತಂದ ವರದಿಯ ಪ್ರಕಾರ, ಮಕ್ಕಳ ಮೇಲೆ ಕೈಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ನಂಬಿದವರು. ಅಂದರೆ ನಮ್ಮಂತೆ ಸೇವೆಗೆ ಬರುವವರನ್ನೂ ಪರೀಕ್ಷಿಸಬೇಕು. ಸ್ವಯಂಸೇವಕರಾಗಿ ಹೋಗುವ ಪ್ರತಿಯೊಬ್ಬರ ಬಗ್ಗೆಯೂ ಪೊಲೀಸರಲ್ಲಿ ವಿಚಾರಿಸಲಿ, ನಾವೇ ಮೊದಲು ಅರ್ಜಿ ಬರೆದುಕೊಡೋಣ. ಬಂದ ಹೊತ್ತು, ಹೋದ ಹೊತ್ತು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಒಬ್ಬರೇ ಒಂದು ಮಗುವನ್ನು ಕೋಣೆಗೆ ಕರೆಯಬಾರದು, ಹುಟ್ಟುಹಬ್ಬಕ್ಕೆಂದು ಹೊರಗೆ ಕರೆದೊಯ್ಯಬಾರದು, ಫೋಟೋ ತೆಗೆದು ಫೋನಿನಲ್ಲಿ ಹಂಚಬಾರದು. ಹಾಡು ಕಲಿಸಲು ಬರುವ ತಮ್ಮಂದಿರಿಗೆ ಇದು ನೋವಾಗಬಹುದು. ಆಗಲಿ.

ಏನಾದರೂ ಆದರೆ ಸಭೆಯ ಮಾನ ಹೋಗುತ್ತದೆ, ಒಳಗೊಳಗೇ ತೀರಿಸೋಣ ಎನ್ನುವ ಹಿರಿಯರು ಎಲ್ಲಾ ಊರಿನಲ್ಲಿಯೂ ಇದ್ದಾರೆ. 2012ರ ಪೋಕ್ಸೋ ಕಾಯ್ದೆಯಲ್ಲಿ ತಿಳಿದೂ ಹೇಳದವರಿಗೂ ಶಿಕ್ಷೆ ಇದೆ. ಮಗು ಒಂದು ಮಾತು ಹೇಳಿದರೆ ಪೊಲೀಸರಿಗೆ ತಿಳಿಸಿರಿ. 1098 ಎಂಬ ಸಂಖ್ಯೆಯನ್ನು ಮಕ್ಕಳಿಗೇ ಬಾಯಿಪಾಠ ಮಾಡಿಸಿರಿ, ಗುಣಾಕಾರದ ಮಗ್ಗಿಗಿಂತ ಮುಂಚೆ.

ದಾನದ ಊಟದ ಬಗ್ಗೆಯೂ ಒಂದು ಮಾತು. 2022ರ ಅಕ್ಟೋಬರ್‌ನಲ್ಲಿ ತಿರುಪ್ಪೂರು ಹತ್ತಿರದ ತಿರುಮುರುಗನ್‌ಪೂಂಡಿಯಲ್ಲಿ, ಅದು ಕ್ರೈಸ್ತ ಗೃಹವಲ್ಲ, ಊಟ ವಿಷವಾಗಿ 3 ಹುಡುಗರು ಸತ್ತರು. ಇನ್ನೂ ಹಲವರು ಆಸ್ಪತ್ರೆ ಸೇರಿದರು. ಮದುವೆಯಲ್ಲಿ ಮಿಕ್ಕ ಅನ್ನವನ್ನು ಹೊತ್ತು ಕಳೆದ ಮೇಲೆ ಗೃಹಕ್ಕೆ ಕಳುಹಿಸಿ ಪುಣ್ಯವೆಂದುಕೊಳ್ಳುವ ಅಭ್ಯಾಸ ನಮ್ಮಲ್ಲಿಯೂ ಇದೆ. ಅದರ ಬದಲು ಅಕ್ಕಿ, ಬೇಳೆ, ಎಣ್ಣೆ ಕೊಡಿರಿ.

ದುಡ್ಡಿನ ವಿಷಯಕ್ಕೆ ಬಂದೆವು. ಹೊರದೇಶದ ಹಣ ಬರುತ್ತದೆಯಲ್ಲಾ ಎನ್ನುವ ಕಾಲ ಹೋಯಿತು. ಎಷ್ಟೋ ಬಡ ಮಕ್ಕಳನ್ನು ಸಾಕಿದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಸಂಸ್ಥೆಯೇ 2017ರ ಮಾರ್ಚ್‌ನಲ್ಲಿ ಭಾರತದ ಕೆಲಸ ನಿಲ್ಲಿಸಬೇಕಾಯಿತು. ಇನ್ನು ನಾವೇ. ಬೋನಸ್ಸು ಬಂದಾಗ ಒಮ್ಮೆ 500 ಕೊಟ್ಟು ಮರೆಯುವುದಕ್ಕಿಂತ ತಿಂಗಳು ತಿಂಗಳು 50 ಕೊಡುವುದು ಮೇಲು. ಕಾವಲಿನವರ ಹೊಟ್ಟೆಗೆ ತಿಂಗಳಿಗೊಮ್ಮೆ ಸಂಬಳ ಬೇಕು. 200 ಮನೆಯವರು ಸೇರಿದರೆ ತಿಂಗಳಿಗೆ 10,000 ರೂಪಾಯಿ ಆಗುತ್ತದೆ. ರಸೀದಿ ಕೇಳಿ ಪಡೆಯಿರಿ, ಲೆಕ್ಕವನ್ನು ಕೂಟದಲ್ಲಿ ಓದಿಸುತ್ತೇವೆ. ಗೋಡೆಯ ಮಿಕ್ಕ ಭಾಗಕ್ಕೆ ನಮ್ಮಲ್ಲಿ ಗಾರೆ ಕೆಲಸ ಬಲ್ಲವರಿದ್ದಾರೆ. ಕಕ್ಕಸಿನ ದಾರಿಗೆ ದೀಪ ಮಾತ್ರ ಗೋಡೆಗೆ ಕಾಯಬಾರದು, ಅದು ಈ ವಾರವೇ ಆಗಬೇಕು.

ಸಂಬಳದ ಕಾವಲಿನವರು ಸಿಗುವ ತನಕ ಶನಿವಾರ ರಾತ್ರಿಗಳನ್ನು ನಾವು ವಹಿಸಿಕೊಳ್ಳುತ್ತೇವೆಂದು ಹೇಳಿ ಬಂದಿದ್ದೇವೆ. ನಿಮ್ಮನ್ನು ಕೇಳದೆ ಹೇಳಿದೆವು, ಕ್ಷಮಿಸಿರಿ. ಇಬ್ಬರಿಬ್ಬರಾಗಿ, ಹೆಂಗಸರೇ ಹೋಗಬೇಕು. ಶನಿವಾರ ಕೆಲಸ ಮುಗಿಸಿ ಸಂಜೆಯ ಬಸ್ಸಿಗೆ ಇಳಿದರೆ ಭಾನುವಾರ ಮಧ್ಯಾಹ್ನ ಹಿಂದಿರುಗಬಹುದು. ಆ ದಿನ ಮನೆಯ ಅಡಿಗೆ ಗಂಡಸರದು. ಬಸ್ಸಿನ ದುಡ್ಡು ಕೂಟದಿಂದ. ಹೆಸರು ಬರೆಸುವವರು ಈಗಲೇ ಮುಂದಿನ ಬೆಂಚಿಗೆ ಬನ್ನಿರಿ. ಟಾರ್ಚು, ಕಂಬಳಿ ನೀವೇ ತರಬೇಕು.