ಹಜಾರದ ಟೀಪಾಯಿ: ಹಳೆಯದೋ, ಹೊಸದೋ?



ಹಜಾರದಲ್ಲಿ ಕುರ್ಚಿಗಳ ನಡುವೆ ಇರಿಸುವ ಗಿಡ್ಡ ಮೇಜಿಗೆ ನಮ್ಮ ಕಡೆ ಟೀಪಾಯಿ ಎಂದು ಹೆಸರು. ಅದರ ಮೇಲೆ ನಾವು ಇಡುವುದು ಕಾಫಿ. ಹೆಸರಿನಲ್ಲಿ ಕೇಳಿಸುವುದು ಟೀ. ಇದು ಇಂಗ್ಲಿಷರ ಚಹಾ ಕುಡಿಯುವ ಪದ್ಧತಿಯೊಡನೆ ಬಂದ ಮಾತೆಂದು ಯಾರಾದರೂ ಊಹಿಸಿದರೆ ಆಶ್ಚರ್ಯವಿಲ್ಲ. ನಿಜವಾಗಿ ಈ ಪದದ ಹುಟ್ಟಿಗೂ ಚಹಾಕ್ಕೂ ಸಂಬಂಧವಿಲ್ಲ. ಹಿಂದಿಯಲ್ಲಿ ತಿಪಾಯಿ ಎಂದರೆ ಮೂರು ಕಾಲಿನ ಪೀಠ. ಇಂಗ್ಲಿಷರು ಆ ಮಾತನ್ನು ಈ ದೇಶದಿಂದ ಎತ್ತಿಕೊಂಡರು; ಅವರ ಬಾಯಲ್ಲಿ ಅದರ ಮೊದಲ ಅಕ್ಷರ ಚಹಾದ ಹೆಸರಿನೊಡನೆ ಬೆರೆತುಹೋಯಿತು; ಹಾಗೆ ಬೆರೆತ ಮೇಲೆ ಅದು ಟೀಪಾಯಿಯಾಗಿ ನಮ್ಮಲ್ಲಿಗೆ ಹಿಂದಿರುಗಿತು. ಈ ಪ್ರಯಾಣದಲ್ಲಿ ಅದಕ್ಕೆ ಒಂದು ಕಾಲು ಹೆಚ್ಚಿತು. ಇದು ಲಾಭವೆಂದು ಹೇಳಲಾರೆವು. ನೆಲ ಎಷ್ಟೇ ಏರುತಗ್ಗಾಗಿದ್ದರೂ ಮೂರು ಕಾಲಿನ ಪೀಠ ಕುಂಟುವುದಿಲ್ಲ. ನಾಲ್ಕು ಕಾಲಿನದು ಕುಂಟುವುದು, ಅದರ ಕೆಳಗೆ ಮಡಿಸಿದ ಕಾಗದವನ್ನು ತುರುಕಬೇಕಾಗುವುದು.

ಈಗ ಹೊಸ ಮನೆ ಮಾಡುವ ವಿದ್ಯಾವಂತ ಸಂಸಾರಗಳಲ್ಲಿ ಈ ಮೇಜಿನ ವಿಷಯವಾಗಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಹಳೆಯ ಕಾಲದ್ದನ್ನು ಹುಡುಕಿ ತರುವುದೋ, ಹೊಸ ಮಾದರಿಯದನ್ನು ಕೊಳ್ಳುವುದೋ? ಹಳೆಯದರ ಪಕ್ಷದವರಿಗೆ ಹೊಸದೆಲ್ಲ ಜೊಳ್ಳು. ಹೊಸದರ ಪಕ್ಷದವರಿಗೆ ಹಳೆಯದೆಲ್ಲ ತಿಗಣೆಯ ಮನೆ. ಎರಡು ಪಕ್ಷದವರೂ ಒಂದು ಸಂಗತಿಯನ್ನು ಗಮನಿಸಿದಂತೆ ಕಾಣುವುದಿಲ್ಲ. ಸೋಫಾದ ಮುಂದೆ ಇಡುವ, ಹದಿನಾರು ಹದಿನೆಂಟು ಅಂಗುಲ ಎತ್ತರದ ಉದ್ದನೆಯ ಮೇಜು ಸ್ವತಃ ಇಪ್ಪತ್ತನೆಯ ಶತಮಾನದ ವಸ್ತು. ಅದಕ್ಕೆ ಹಿಂದಿನ ಟೀಪಾಯಿಗಳೂ ಚಹಾದ ಮೇಜುಗಳೂ ಬಹುಮಟ್ಟಿಗೆ ಎತ್ತರವಾದವು. ನೆಟ್ಟಗೆ ಬೆನ್ನಿನ ಕುರ್ಚಿಯಲ್ಲಿ ಕುಳಿತವರ ಕೈಗೆ ಎಟುಕುವಂತೆ ಮಾಡಿದವು. ನಮ್ಮ ತೊಟ್ಟಿಯ ಮನೆಗಳಲ್ಲಂತೂ ಜನ ಚಾಪೆಯ ಮೇಲೋ ಜಗಲಿಯ ಮೇಲೋ ಕೂರುತ್ತಿದ್ದರು. ಲೋಟವನ್ನು ಇಡಲು ನೆಲವಿದ್ದಿತು. ಹೀಗಿರುವಾಗ ನೂರೈವತ್ತು ವರ್ಷದ ಕಾಫಿ ಮೇಜು ಎಂದು ಅಂಗಡಿಯವನು ಒಂದನ್ನು ತೋರಿಸಿದರೆ, ಅದು ಮೊದಲು ಏನಾಗಿತ್ತು ಎಂದು ಕೇಳುವುದು ನ್ಯಾಯವಾಗಿದೆ.

ಅನೇಕ ವೇಳೆ ಅದು ಎತ್ತರದ ಮೇಜಾಗಿದ್ದು, ಕಾಲು ಕತ್ತರಿಸಿಕೊಂಡು ಬಂದಿರುತ್ತದೆ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮೇಜನ್ನು ಬೋರಲು ಹಾಕಿಸಿ ನೋಡಬೇಕು. ಕಡೆದ ಕಾಲಿನ ಅಲಂಕಾರ ಮೇಲಿನಿಂದ ಕ್ರಮವಾಗಿ ಇಳಿದುಬಂದು, ಕೊನೆಯಲ್ಲಿ ಒಂದು ಗುಂಡು ಅರ್ಧಕ್ಕೇ ನಿಂತಿದ್ದರೆ, ಅಲ್ಲಿ ಗರಗಸ ಆಡಿದೆ. ಹಳೆಯ ಕಾಲಿನ ಅಡಿ ತಿಕ್ಕಿ ತಿಕ್ಕಿ ಕಪ್ಪಾಗಿ ಅಂಚು ದುಂಡಾಗಿರುವುದು. ಈಚೆಗೆ ಕೊಯ್ದದ್ದರ ಅಡಿ ಬೆಳ್ಳಗೆ, ಅಂಚು ಚೂಪಾಗಿರುವುದು. ದುಂಡು ಹಲಗೆಯ ಮೇಜಾದರೆ ಇನ್ನೊಂದು ಪರೀಕ್ಷೆಯುಂಟು. ಮರವು ಒಣಗುತ್ತ ಬಂದಂತೆ ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಎಳೆಗೆ ಅಡ್ಡವಾಗಿ ಕುಗ್ಗುವುದು ಹೆಚ್ಚು. ಆದುದರಿಂದ ಬಹುಕಾಲದ ದುಂಡು ಹಲಗೆ ನಿಜವಾದ ವೃತ್ತವಾಗಿ ಉಳಿದಿರುವುದಿಲ್ಲ. ಅಳತೆಯ ಪಟ್ಟಿಯನ್ನು ಎರಡು ಕಡೆಗೂ ಹಿಡಿದರೆ ಒಂದೆರಡು ನೂಲಿನ ವ್ಯತ್ಯಾಸ ಕಂಡುಬರುವುದು. ಎರಡು ಅಳತೆಯೂ ಕರಾರುವಾಕ್ಕಾಗಿ ಒಂದೇ ಆಗಿದ್ದರೆ ಸ್ವಲ್ಪ ಸಂಶಯಪಡಬಹುದು. ಇಷ್ಟನ್ನು ಮಾಡುವಾಗ ಅಂಗಡಿಯವನ ಮುಖವನ್ನೂ ನೋಡುವುದು ಒಳ್ಳೆಯದು.

ಇನ್ನು ಕೆಲವು ಮೇಜುಗಳು ಮೊದಲು ಮೇಜೇ ಆಗಿರಲಿಲ್ಲ. ಗುಮಾಸ್ತೆಯವರು ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಪೆಟ್ಟಿಗೆ, ಪಾತ್ರೆ ತುಂಬುತ್ತಿದ್ದ ಹಲಸಿನ ಸಂದೂಕ, ತೊಟ್ಟಿಲು, ಕಿಟಕಿ, ಬಾಗಿಲು—ಇವೆಲ್ಲ ಈಗ ಗಾಜು ಹೊದ್ದುಕೊಂಡು ಹಜಾರಕ್ಕೆ ಬಂದಿವೆ. ಪೆಟ್ಟಿಗೆಯ ವಿಷಯದಲ್ಲಿ ನಮಗೆ ಆಕ್ಷೇಪಣೆಯಿಲ್ಲ. ಅದು ಮೊದಲೂ ನೆಲದ ಮೇಲಿದ್ದ ವಸ್ತು, ಈಗಲೂ ಒಳಗೆ ಹಾಸಿಗೆ ಬಟ್ಟೆ ಹಿಡಿಸುತ್ತದೆ. ಬಾಗಿಲಿನ ಮಾತು ಬೇರೆ. ಕೆತ್ತನೆಯ ಬಾಗಿಲನ್ನು ಮಲಗಿಸಿದರೆ ಕೆತ್ತನೆಯ ತಗ್ಗುಗಳಲ್ಲಿ ಧೂಳು ನಿಲ್ಲುವುದು. ಗಾಜು ಹಾಕಿದರೆ ಇಬ್ಬರು ಸೇರಿ ಎತ್ತಲಾರದಷ್ಟು ಭಾರವಾಗುವುದು. ಇದು ಅನನುಕೂಲದ ಮಾತಾಯಿತು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬಿದ್ದುಹೋದ ಮನೆಯ ಬಾಗಿಲು ಸೌದೆಯಾಗುವುದಕ್ಕಿಂತ ಮೇಜಾಗುವುದು ಮೇಲು ಎಂಬುದನ್ನು ಒಪ್ಪೋಣ. ಆದರೆ ಬಾಗಿಲಿಗೂ ಕಂಬಕ್ಕೂ ಪಟ್ಟಣದಲ್ಲಿ ಬೆಲೆ ಬಂದಮೇಲೆ, ಇನ್ನೂ ನಿಂತಿರುವ ಮನೆಗಳ ಮುಂದೆಯೂ ದಲ್ಲಾಳಿಗಳು ಬಂದು ನಿಲ್ಲುವರು. ಸೋರುವ ಮಾಡನ್ನು ರಿಪೇರಿ ಮಾಡಿಸಲು ಶಕ್ತಿಯಿಲ್ಲದ ಮುದುಕರಿಗೆ ಆ ಹಣ ದೊಡ್ಡದು. ಬಾಗಿಲು ಹೋದ ಮನೆ ಎಷ್ಟು ಮಳೆಗಾಲ ನಿಂತೀತು? ಹಳೆಯದರ ಮೇಲಿನ ಪ್ರೀತಿಯಿಂದಲೇ ಹಳೆಯದು ನಾಶವಾಗುವ ಬಗೆ ಇದು. ಕೊಳ್ಳುವವರು ಆ ಬಾಗಿಲು ಎಲ್ಲಿಂದ ಬಂತೆಂದು ಕೇಳಿದರೆ ಸಾಕು ಎನ್ನಲಾರೆವು. ಕೇಳದೆ ಇರುವುದಂತೂ ಸಲ್ಲದು.

ಮೈಸೂರಿನ ಕಡೆಯವರಾದ ನಮಗೆ ಬೀಟೆಯ ಮರದ ಕುಂದಣದ ಕೆಲಸದ ಮೇಲೆ ಸಹಜವಾಗಿಯೇ ಅಭಿಮಾನವುಂಟು. ಅರಮನೆಯ ಅಂಬಾವಿಲಾಸದ ಬಾಗಿಲನ್ನು ಕಂಡವರು ಕಪ್ಪು ಮರದ ಮೇಲೆ ದಂತದ ಬಿಳುಪು ಹೇಗೆ ಎದ್ದು ಕಾಣುವುದೆಂಬುದನ್ನು ಮರೆಯಲಾರರು. ಅಂಥದೇ ಕೆಲಸದ ಹಳೆಯ ಟೀಪಾಯಿಗಳು ಇಂದಿಗೂ ಮಾರಾಟಕ್ಕೆ ಬರುವುದುಂಟು. ಇಲ್ಲಿ ಎಚ್ಚರ ಬೇಕು. ಭಾರತದ ಆನೆಯ ದಂತದ ವ್ಯಾಪಾರವನ್ನು 1986ರಲ್ಲಿಯೂ ಆಫ್ರಿಕದ ಆನೆಯ ದಂತದ ವ್ಯಾಪಾರವನ್ನು 1991ರಲ್ಲಿಯೂ ನಮ್ಮ ಕಾನೂನು ನಿಷೇಧಿಸಿತು. ಹಳೆಯ ಸಾಮಾನು ಎಂಬ ಕಾರಣದಿಂದ ದಂತದ ವ್ಯಾಪಾರ ನ್ಯಾಯವಾಗುವುದಿಲ್ಲ. ಮಾರುವವನು ಮೂಳೆ ಎಂದರೆ ಅದನ್ನು ಬರೆದುಕೊಡಲು ಕೇಳಬೇಕು; ದಂತ ಎಂದರೆ ನಮಸ್ಕಾರ ಹೇಳಿ ಹೊರಟುಬರಬೇಕು. ಈಗಿನ ಕುಶಲಕರ್ಮಿಗಳು ಬಗೆಬಗೆಯ ಬಣ್ಣದ ಮರಗಳನ್ನೇ ಕೂಡಿಸಿ ಚಿತ್ರ ಬಿಡಿಸುತ್ತಾರೆ. ಅವರ ಕೈಯಿಂದ ಹೊಸದನ್ನು ಕೊಳ್ಳುವುದು ಹಳೆಯದನ್ನು ಹುಡುಕುವುದಕ್ಕಿಂತ ಯಾವ ರೀತಿಯಲ್ಲಿಯೂ ಕಡಮೆಯ ರಸಿಕತೆಯಲ್ಲ.

ಹೊಸ ಮಾದರಿಯ ಮಾತಿಗೆ ಬರೋಣ. ಹೊಸದು ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಪದಾರ್ಥಗಳು ನಡೆಯುತ್ತಿವೆ. ಒಂದು, ನಿಜವಾಗಿ ಹೊಸ ಆಲೋಚನೆಯಿಂದ ಹುಟ್ಟಿದ್ದು. ಇಸಾಮು ನೊಗುಚಿ ಎಂಬ ಶಿಲ್ಪಿ ರಚಿಸಿ, ಅಮೆರಿಕದಲ್ಲಿ 1947ರಲ್ಲಿ ಮಾರಾಟಕ್ಕೆ ಬಂದ ಮೇಜನ್ನು ಉದಾಹರಣೆಗೆ ಹೇಳಬಹುದು. ಅದರಲ್ಲಿರುವುದು ಮೂರೇ ಭಾಗ: ಬಾಗಿದ ಎರಡು ಮರದ ತುಂಡುಗಳು ಒಂದಕ್ಕೊಂದು ಆತು ನಿಂತಿವೆ, ಮೇಲೆ ದಪ್ಪನೆಯ ಗಾಜು ಕೂತಿದೆ. ಅದು ಗಾಜನ್ನು ಹೊರುವುದು ಮೂರು ಕಡೆಗಳಲ್ಲಿ—ನಮ್ಮ ತಿಪಾಯಿಯ ಧರ್ಮವೇ. ಎರಡನೆಯದು, ಮರದ ಹೊಟ್ಟಿಗೆ ಅಂಟು ಬೆರೆಸಿ ಒತ್ತಿದ ಹಲಗೆಗೆ ಮರದ ಚಿತ್ರವಿರುವ ಕಾಗದವನ್ನು ಅಂಟಿಸಿದ್ದು. ಇದು ಅಗ್ಗ, ಹಗುರ, ನೋಡಲು ನಯ. ಆದರೆ ಅಂಚಿನಲ್ಲಿ ನೀರು ಇಳಿದರೆ ಉಬ್ಬುವುದು, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಒಮ್ಮೆ ಬಿಚ್ಚಿದ ತಿರುಪು ಎರಡನೆಯ ಸಲ ಹಿಡಿತ ಕೊಡುವುದಿಲ್ಲ. ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ. ಬಾಡಿಗೆಯ ಮನೆಯಲ್ಲಿ ಎರಡು ಮೂರು ವರ್ಷಕ್ಕೆ ಅದೇ ಸಾಕು ಎನ್ನುವವರನ್ನು ನಾವು ಹಳಿಯುವುದಿಲ್ಲ; ಅದನ್ನು ತೇಗದ ಬೆಲೆಗೆ ಮಾರುವವರನ್ನು ಹಳಿಯುತ್ತೇವೆ.

ಹೊಸದು ಎಂದೆಂದಿಗೂ ಹೊಸದಾಗಿ ಉಳಿಯುವುದೂ ಇಲ್ಲ. ಚಂಡೀಗಢ ನಗರವನ್ನು ಕಟ್ಟಿದಾಗ ಅಲ್ಲಿನ ಕಚೇರಿಗಳಿಗೂ ಕಾಲೇಜುಗಳಿಗೂ ಪಿಯರ್ ಜೆನರೆಯವರ ನೇತೃತ್ವದಲ್ಲಿ ತೇಗದ ಕುರ್ಚಿ ಮೇಜುಗಳು ತಯಾರಾದವು. ಆಗ ಅವು ಅತಿ ನವೀನ. ಕಾಲಾಂತರದಲ್ಲಿ ಮುರಿದ ಸಾಮಾನೆಂದು ರಾಶಿ ಹಾಕಿ ಹರಾಜು ಹಾಕಿದರು. ಅವೇ ಈಗ ಪರದೇಶದ ಹರಾಜುಗಳಲ್ಲಿ ಶ್ರೀಮಂತರ ಪಾಲಾಗುತ್ತಿವೆ. ಹಳೆಯದು ಹೊಸದು ಎಂಬ ಭೇದಕ್ಕಿಂತ ಚೆನ್ನಾಗಿ ಮಾಡಿದ್ದು, ಹೇಗೋ ಮಾಡಿದ್ದು ಎಂಬ ಭೇದವನ್ನೇ ನಾವು ಹೆಚ್ಚಾಗಿ ನಂಬುತ್ತೇವೆ.

ಅಳತೆಯ ವಿಷಯವಾಗಿ ಹೇಳುವುದು ಸ್ವಲ್ಪವೇ. ಮೇಜಿನ ಎತ್ತರ ಆಸನದ ಎತ್ತರಕ್ಕೆ ಸಮವಾಗಿರಬೇಕು, ಇಲ್ಲವೆ ಒಂದೆರಡು ಅಂಗುಲ ತಗ್ಗಿರಬೇಕು. ಮೊಣಕಾಲಿಗೆ ಒಂದೂವರೆ ಅಡಿಯ ಎಡೆ ಬಿಡಬೇಕು. ಮನೆಯಲ್ಲಿ ಪೊರೆಗಣ್ಣಿನ ಹಿರಿಯರಿದ್ದರೆ ಬರಿಯ ಗಾಜಿನ ಮೇಜು ಬೇಡ. ಅದು ಅವರಿಗೆ ಕಾಣುವುದೇ ಇಲ್ಲ. ಓಡಾಡುವ ಮಕ್ಕಳಿದ್ದರೆ ಚೂಪು ಮೂಲೆ ಬೇಡ. ಪಾಶ್ಚಾತ್ಯರ ಚಿತ್ರಗಳಲ್ಲಿ ಮೇಜಿನ ಮೇಲೆ ಕಾಲು ಚಾಚಿದವರನ್ನು ಕಾಣುತ್ತೇವೆ. ಪುಸ್ತಕಕ್ಕೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಆ ಉಪಯೋಗವನ್ನು ಲೆಕ್ಕಕ್ಕೆ ಹಿಡಿಯಬೇಕಾದುದಿಲ್ಲ.

ನಮ್ಮ ಪರಿಚಿತರೊಬ್ಬರು, ನಿವೃತ್ತರು, ಮಗನು ಬೆಂಗಳೂರಿನಲ್ಲಿ ಮನೆ ಕೊಂಡಾಗ ತಮ್ಮ ತಂದೆಯವರ ಬೀಟೆಯ ಟೀಪಾಯಿಯನ್ನು ಲಾರಿಯಲ್ಲಿ ಕಳುಹಿಸಿದರು. ಅದರ ಎತ್ತರ ಇಪ್ಪತ್ತಾರು ಅಂಗುಲ. ಅಲ್ಲಿಯ ಸೋಫಾದ ಎತ್ತರ ಹದಿನಾರು. ಕುಳಿತವರಿಗೆ ಎದುರಿನವರ ಮುಖ ಕಾಣದೆ ಲೋಟವೇ ಕಾಣುವಂತಾಯಿತು. ಮಗನು ಅದನ್ನು ಮಾರಿಬಿಡುವ ಮಾತೆತ್ತಿದನು. ಮುದುಕರು ನೊಂದುಕೊಂಡರೂ ತೋರಿಸಿಕೊಳ್ಳದೆ, "ಕಾಲು ಕೊಯ್ಸಿಬಿಡಮ್ಮಾ, ಸರಿಹೋಗುತ್ತೆ" ಎಂದು ಸೊಸೆಗೆ ಹೇಳಿದರು. ಆಕೆ, "ಬೇಡಿ ಮಾವ, ಅದು ನಡುವೆಯೇ ಇರಬೇಕು ಅಂತ ಯಾರು ಹೇಳಿದರು? ನೀವು ಬಂದಾಗ ಕೂರುವ ಕುರ್ಚಿ ಪಕ್ಕ ಇರಲಿ" ಎಂದಳು. ನಡುವಿಗೆ ಹೊನ್ನೆಯ ಹಲಗೆಯ ಒಂದು ಸಾದಾ ಹೊಸ ಮೇಜನ್ನು ಆಕೆಯೇ ಬಡಗಿಯಿಂದ ಮಾಡಿಸಿದಳು. ಈಗ ಆ ಟೀಪಾಯಿಯ ಮೇಲೆ ಮಾವನವರ ಕನ್ನಡಕದ ಡಬ್ಬಿಯೂ ಪಂಚಾಂಗವೂ ಇವೆ. ಅಟ್ಟದ ಮೇಲೆ ಅಜ್ಜನ ಸಾಮಾನು ಬೋರಲು ಬಿದ್ದಿರುವಾಗ, ಯಾರದೋ ಅಜ್ಜನ ಸಾಮಾನಿಗೆ ಅಂಗಡಿಯಲ್ಲಿ ಹತ್ತರಷ್ಟು ಕೊಡುವವರು ಮೊದಲು ಅಟ್ಟ ಹತ್ತಿ ನೋಡಬೇಕು.

ಅಟ್ಟದಿಂದ ಇಳಿಸಿದ ಮೇಲೆ ಒಂದು ಎಚ್ಚರಿಕೆ. ಹಳೆಯ ಮೇಜುಗಳ ಹೊಳಪು ಸಾಮಾನ್ಯವಾಗಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನದು. ಅರಗು ಸುಮಾರು 75 ಡಿಗ್ರಿ ಸೆಂಟಿಗ್ರೇಡಿನ ಬಿಸಿಗೆ ಮೆತ್ತಗಾಗುತ್ತದೆ. ನಮ್ಮ ಕಾಫಿ ಬರುವುದೇ ಅಷ್ಟು ಬಿಸಿಯಾಗಿ. ಲೋಟವನ್ನು ನೇರವಾಗಿ ಇಟ್ಟರೆ ಬಿಳಿಯ ಬಳೆಯೊಂದು ಮೂಡುವುದು. ಬಟ್ಟಲಿನಲ್ಲಿಯೇ ಲೋಟವಿಡುವ ನಮ್ಮ ಪದ್ಧತಿ ಈ ದೃಷ್ಟಿಯಿಂದ ಬಹಳ ಬುದ್ಧಿವಂತಿಕೆಯದು. ಬಳೆ ಮೂಡಿಯೇ ಬಿಟ್ಟಿದ್ದರೆ ಇಡೀ ಮೇಜನ್ನು ಉಜ್ಜುಕಾಗದದಿಂದ ಕೆರೆದು ಹೊಸ ವಾರ್ನಿಷು ಬಳಿಯಿಸಬೇಡಿ. ನೂರು ವರ್ಷದಲ್ಲಿ ಮರಕ್ಕೆ ಬಂದ ಬಣ್ಣ ಅರ್ಧ ಗಂಟೆಯಲ್ಲಿ ಹೋಗಿಬಿಡುವುದು. ಕಸುಬು ಬಲ್ಲ ಹೊಳಪಿನ ಕೆಲಸದವರನ್ನು ಕರೆಸಿ, ಆ ಜಾಗಕ್ಕೆ ಮಾತ್ರ ಸ್ಪಿರಿಟ್ಟು ತಾಗಿಸಿದ ಬಟ್ಟೆಯ ಉಂಡೆಯನ್ನು ಹಗುರವಾಗಿ ಆಡಿಸಲು ಹೇಳಿ. ಅರಗು ತನ್ನ ಸ್ಪಿರಿಟ್ಟಿನಲ್ಲಿ ತಾನೇ ಕರಗಿ ಮತ್ತೆ ಕೂಡಿಕೊಳ್ಳುವುದು.