ಹಸಿ ಮಾಂಸ, ಕತ್ತಿ ಮತ್ತು ಕೈ

(ವೈಜಾಪುರದಲ್ಲಿ ಕನ್ನಡ ಹೋಟೆಲು ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಯಿಂದ ಬಂದು ರೋಟೆಗಾಂವ ಸ್ಟೇಷನ್ನಿನಲ್ಲಿ ಇಳಿದೊಡನೆ ನನ್ನನ್ನು ಎದುರುಗೊಂಡದ್ದು ಇಲ್ಲಿಯ ಬಿಸಿಲು. ಮರಾಠವಾಡದ ಬೇಸಗೆ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ತೆರೆದ ಅಂಗಡಿಯ ಕೊಕ್ಕೆಗೆ ತೂಗುಹಾಕಿದ ಮಾಂಸದ ವಿಚಾರವನ್ನೇ ಇಂದು ಹೇಳಬೇಕೆಂದಿದ್ದೇನೆ. “ನಮ್ಮದು ಶಾಕಾಹಾರಿ ಹೋಟೆಲು, ನಮಗೇಕೆ?” ಎನ್ನುವವರಿದ್ದಾರೆ. ಆದಿತ್ಯವಾರ ಖೋಲಿಯಲ್ಲಿ ಮಟನ್ ಬೇಯಿಸುವವರು ಯಾರಪ್ಪಾ?

ಆರೋಗ್ಯವಾದ ಆಡಿನ ಮಾಂಸದ ಒಳಭಾಗದಲ್ಲಿ ಕ್ರಿಮಿಗಳು ಇಲ್ಲವೆಂದೇ ಹೇಳಬಹುದು. ಅವು ಅಂಟುವುದು ಕೊಯ್ದ ಮೇಲೆ: ಚರ್ಮದಿಂದ, ಒಡೆದ ಕರುಳಿನಿಂದ, ಕತ್ತಿಯಿಂದ, ಕೊಚ್ಚುವ ಮರದ ದಿಮ್ಮಿಯಿಂದ, ಒಂದೇ ಬಾಲ್ದಿಯ ನೀರಿನಿಂದ, ನೊಣದಿಂದ, ಕೈಯಿಂದ. ಕರುಳಿನಲ್ಲಿ ವಾಸಿಸುವ ಈ ಕೋಲಿಯಂಥದು ಬೆಚ್ಚನೆಯ ಹದದಲ್ಲಿ 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಲೆಕ್ಕ ಹಾಕಿ ನೋಡಿ: ಬೆಳಿಗ್ಗೆ 7 ಗಂಟೆಗೆ ಒಂದಿದ್ದದ್ದು ಮಧ್ಯಾಹ್ನ 2ಕ್ಕೆ 20 ಲಕ್ಷ ಮೀರುತ್ತದೆ. ಮೂಗಿಗೆ ಮಾತ್ರ ಏನೂ ತಿಳಿಯದು. ಕೊಳೆತ ವಾಸನೆ ಬರಿಸುವ ಕ್ರಿಮಿಗಳೇ ಬೇರೆ, ರೋಗ ತರುವ ಸಾಲ್ಮೊನೆಲ್ಲಾ ಬೇರೆ.

1888ರಲ್ಲಿ ಜರ್ಮನಿಯ ಫ್ರಾಂಕನ್‌ಹೌಸನ್ ಎಂಬಲ್ಲಿ ಬೇನೆಬಿದ್ದ ಹಸುವೊಂದನ್ನು ಕೊಯ್ದು ಮಾರಿದರು. ಐವತ್ತಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಮಾಂಸವನ್ನು ಹಸಿಯಾಗಿಯೇ ತಿಂದ ಒಬ್ಬನು ಸತ್ತನು. ಗೇರ್ಟ್‌ನರ್ ಎಂಬ ವೈದ್ಯನು ಆ ಮಾಂಸದಲ್ಲಿಯೂ ಸತ್ತವನ ದೇಹದಲ್ಲಿಯೂ ಒಂದೇ ಕ್ರಿಮಿಯನ್ನು ಕಂಡನು. ಅದು ಇದೇ ಸಾಲ್ಮೊನೆಲ್ಲಾ ಕುಲದ್ದು.

ನಾವು ಹಸಿ ತಿನ್ನುವವರಲ್ಲ, ನಿಜ. ತುಂಡಿನ ನಡುಭಾಗವೂ 75 ಡಿಗ್ರಿ ಮುಟ್ಟುವಂತೆ ಬೇಯಿಸಿದರೆ ಸಾಲ್ಮೊನೆಲ್ಲಾ ಬದುಕದು. ಆದರೆ ಮಾಂಸ ಕೊಚ್ಚಿದ ಹಲಗೆಯ ಮೇಲೆಯೇ ಊಟಕ್ಕೆ ಕೊಡುವ ಈರುಳ್ಳಿಯನ್ನು ಹೆಚ್ಚುತ್ತೇವಲ್ಲ, ಆ ಈರುಳ್ಳಿ ಬೇಯುವುದೆಲ್ಲಿ? ನಲ್ಲಿಯ ಕೆಳಗೆ ಕೋಳಿಯನ್ನು ರಭಸದಿಂದ ತೊಳೆದಾಗ ಸಿಡಿದ ಹನಿ ಪಕ್ಕದ ತಾಟಿನ ಮೇಲೆ ಬೀಳುತ್ತದೆ. ಖೀಮಾದಲ್ಲಂತೂ ಹೊರಗಣ ಕ್ರಿಮಿ ಒಳಗೆಲ್ಲ ಕಲೆತುಹೋಗುತ್ತದೆ. ಅದನ್ನು ಅರೆಬರೆ ಬೇಯಿಸಲೇ ಬಾರದು.

ಇನ್ನೊಂದು ಸಂಗತಿ ದೊಡ್ಡ ಪಾತೇಲಿಯದು. ಕುದಿದರೂ ಸಾಯದ ಬೀಜಾಣುಗಳುಳ್ಳ ಕ್ಲಾಸ್ಟ್ರಿಡಿಯಂ ಎಂಬ ಕ್ರಿಮಿಯಿದೆ. ರಾತ್ರಿಯ ಸಾರು ಪಾತೇಲಿಯಲ್ಲಿ ಮೆಲ್ಲಗೆ ಆರುತ್ತಿರುವಾಗ ಅದು ಎಚ್ಚತ್ತು ಬೆಳೆಯುತ್ತದೆ. ಉಳಿದದ್ದನ್ನು ಅಗಲವಾದ ತಾಟುಗಳಿಗೆ ಹಂಚಿ ಬೇಗನೆ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಚೆನ್ನಾಗಿ ಕುದಿಸಬೇಕು.

ಇದನ್ನೆಲ್ಲ ಕೆಲಸಗಾರನೊಬ್ಬನೇ ಮಾಡಲಾರ. ಗಿರಾಕಿಗೆ ವಾಂತಿಭೇದಿಯಾದರೆ ಮೊದಲು ಮನೆಗೆ ಹೋಗುವವನು ಅಡುಗೆಯವನು. ಅವನಿಗೆ ಎರಡನೆಯ ಹಲಗೆಯನ್ನು ಕೊಟ್ಟಿದ್ದರೇ ಎಂದು ಯಾರೂ ಕೇಳುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳು ಹಸಿಯದನ್ನೂ ಬೇಯಿಸಿದ್ದನ್ನೂ ಬೇರೆ ಬೇರೆ ಇಡಬೇಕೆನ್ನುತ್ತವೆ. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕೆನ್ನುತ್ತವೆ. ಹೋಟೆಲಿನ ಲೈಸೆನ್ಸು ಇರುವುದು ಮಾಲೀಕರ ಹೆಸರಿನಲ್ಲಿ, ನಮ್ಮ ಹೆಸರಿನಲ್ಲಲ್ಲ. ಆದುದರಿಂದ ನಾಳೆ ಕೆಲಸಕ್ಕೆ ಹೋದಾಗ ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಕೂಡಿ ಕೇಳಿರಿ: ಮಾಂಸಕ್ಕೊಂದು, ತರಕಾರಿಗೊಂದು ಹಲಗೆ ಮತ್ತು ಕತ್ತಿ; ಮೋರಿಯ ಬಳಿ ಸಾಬೂನು; ಭೇದಿಯಾದ ದಿನ ಪಗಾರ ಕಡಿಯದೆ ರಜೆ. ಈ ಮೂರನೆಯದಕ್ಕೆ ಮಾಲೀಕರು ಮುಖ ಸಿಂಡರಿಸುವರು. ಅದನ್ನೇ ಮೊದಲು ಕೇಳಿರಿ.