ಕಾಲುವೆಯ ಕೊನೆಯಲ್ಲಿರುವ ನೆರೆಯವನು



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಇಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ನಮ್ಮ ಸಿಂಧನೂರು, ಮಸ್ಕಿಯ ಗದ್ದೆಗಳಲ್ಲಿ ಭತ್ತ ಇನ್ನೂ ಹಸಿರು. ಲಿಂಗಸೂಗೂರಿನ ಹೊಲಗಳಲ್ಲಿ ತೊಗರಿ ಮಳೆಯ ದಾರಿ ಕಾಯುತ್ತದೆ. ಹಾಗಾಗಿ ನಾವು ತೆನೆಗಿಂತ ಮೊದಲು ನೀರನ್ನು ನೆನೆಯೋಣ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ಕಾಲುವೆ ಈ ಬರದ ನಾಡಿಗೆ ಬಂದು, ಜೋಳ ಸಜ್ಜೆಯ ಸೀಮೆ ಭತ್ತದ ಕಣಜವಾಯಿತು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಆ ಯೋಜನೆಯ ಮೂಲ ಉದ್ದೇಶ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಬರದಿಂದ ಬೆಳೆ ಉಳಿಸುವುದಾಗಿತ್ತು. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ನಿಲ್ಲಿಸುವುದು ರೂಢಿಯಾಯಿತು. ಕೊನೆಭಾಗದ ರೈತ ಒಣ ಕಾಲುವೆ ನೋಡುತ್ತ ಕುಳಿತ. ಕಾಲುವೆಯೇ ಮುಟ್ಟದ ಊರುಗಳೂ ಇವೆ. 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತದ್ದು ನಮಗೆಲ್ಲ ಗೊತ್ತು.

ಹಾಗಾದರೆ ಹೆಚ್ಚು ನೀರು ಕುಡಿದ ನೆಲ ಸುಖವಾಗಿದೆಯೇ? ಇಲ್ಲ. ನೀರು ಬಸಿದುಹೋಗಲು ದಾರಿಯಿಲ್ಲದ ಕಡೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಕಪ್ಪು ಎರೆಭೂಮಿ ಸವಳಾಗುತ್ತದೆ, ಜವಳಾಗುತ್ತದೆ. ಒಬ್ಬನ ಹೊಲ ನೀರಿಲ್ಲದೆ ಕೆಟ್ಟಿತು, ಇನ್ನೊಬ್ಬನ ಹೊಲ ನೀರು ಮಿಕ್ಕಿ ಕೆಟ್ಟಿತು.

ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಮನ್ನವನ್ನು ಕೊಟ್ಟ ಕಥೆ ನಮಗೆ ತಿಳಿದಿದೆ. ಅಂದಂದಿನದು ಅಂದಂದಿಗೆ ಸಾಕಾಯಿತು. ಮರುದಿನಕ್ಕೆಂದು ಉಳಿಸಿಟ್ಟದ್ದರಲ್ಲಿ ಹುಳು ಬಿತ್ತು. ನಮ್ಮ ಸವಳು ನೆಲವೂ ಅದೇ ಪಾಠ ಹೇಳುತ್ತದೆ: ನೆರೆಯವನ ಪಾಲನ್ನು ನುಂಗಿದ ಮಣ್ಣು ನಮಗೂ ಅನ್ನ ಕೊಡದು.

ಜಲಾಶಯವೂ ಅಕ್ಷಯಪಾತ್ರೆಯಲ್ಲ. ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಅದು ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಮೇಲ್ಭಾಗದವರೂ ಕೊನೆಭಾಗದವರೂ ಒಂದೇ ಭಯದಲ್ಲಿ ನಿದ್ದೆಗೆಟ್ಟರು. ನಾವೆಲ್ಲ ಒಂದೇ ಬಿಂದಿಗೆಯ ನೀರು ಕುಡಿಯುವವರು ಎಂಬುದು ಆ ರಾತ್ರಿ ತಿಳಿಯಿತು.

ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳಬೇಕೆಂದು ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2015ರ 'ಲೌದಾತೋ ಸಿ' ಪತ್ರದಲ್ಲಿ ಕಲಿಸಿದರು. ಇದು ದೊಡ್ಡವರ ಕೆಲಸ, ನಮ್ಮಿಂದೇನು ಆದೀತು ಎನ್ನಬೇಡಿ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನವೂ, ಧರ್ಮದಲ್ಲಿ ನಡೆದರೆ ಸಣ್ಣವನೂ ಉನ್ನತಿ ಪಡೆಯಬಲ್ಲನೆಂದು ಸಾರುತ್ತದೆ. ಎಳ್ಳಮಾವಾಸ್ಯೆಯಂದು ನಮ್ಮ ಊರಿನ ರೈತರು ತಾವು ಉಣ್ಣುವ ಮೊದಲು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮಿಗೆ! ಎಂತಹ ವಿವೇಕ!

ಆದ್ದರಿಂದ ಈ ಹಬ್ಬದಂದು ನಾವು ನಿರ್ಧರಿಸೋಣ: ನಮ್ಮ ಸರದಿ ಮುಗಿದಾಗ ತೂಬು ಮುಚ್ಚೋಣ. ಹೊಲದಂಚಿನ ಬಸಿಗಾಲುವೆಯ ಹೂಳು ತೆಗೆಯೋಣ. ಒಂದಿಷ್ಟು ನೆಲಕ್ಕಾದರೂ ಭತ್ತದ ಬದಲು ಜೋಳವನ್ನೋ ಕಡಲೆಯನ್ನೋ ಬಿತ್ತೋಣ. ಊರಿನ ನೀರಿನ ಸಭೆಯಲ್ಲಿ ಕೊನೆಯ ಹೊಲದವನ ಪರವಾಗಿ ಮೊದಲು ಮಾತಾಡೋಣ.

ಕಾನಾ ಊರಿನ ಮದುವೆಮನೆಯಲ್ಲಿ ಬೇರೆಯವರ ಕೊರತೆಯನ್ನು ಮೊದಲು ಕಂಡವರು ಮಾತೆ ಮರಿಯಮ್ಮನವರು. ಅಂಥ ಕಣ್ಣನ್ನು ಅವರು ನಮಗೂ ಬೇಡಿಕೊಡಲಿ. ಆಮೆನ್.